ಕುರಿ ರೊಪ್ಪದ ಮಣ್ಣಿನಿಂದ ಪಿತ್ತಾಮ್ಲ ತಿನ್ನುವ ಬ್ಯಾಕ್ಟೀರಿಯಾ ಬೇರ್ಪಡಿಸುವ ವಿಧಾನ

ಪಿತ್ತಲವಣ (ಪಿತ್ತಾಮ್ಲದ ಲವಣ) ಇರುವ ಮಾಧ್ಯಮದಲ್ಲಿ ಬೆಳೆದ ಬ್ಯಾಕ್ಟೀರಿಯಾಗಳೆಲ್ಲ ಪಿತ್ತಲವಣವನ್ನು ತಿಂದು ಬೆಳೆದವಲ್ಲ. ಮೆಕಾಂಕಿ ಅಗಾರ್ ಮೇಲೆ ಈ. ಕೋಲೈ ಸೊಗಸಾಗಿ ಬೆಳೆಯುತ್ತದೆ. ಅಲ್ಲಿ ಅದರ ಊಟ ಪೆಪ್ಟೋನ್ ಮತ್ತು ಲ್ಯಾಕ್ಟೋಸ್. ಪಿತ್ತಲವಣವನ್ನು ಸಹಿಸಿಕೊಂಡಿರುತ್ತದೆ, ಅಷ್ಟೆ. ಪ್ರಾಜೆಕ್ಟ್ ವರದಿಗಳಲ್ಲಿ ಸಹಿಸುವುದು ಮತ್ತು ತಿನ್ನುವುದು ಎಷ್ಟೋ ಸಲ ಒಂದಕ್ಕೊಂದು ಬೆರೆತುಹೋಗುತ್ತವೆ. ಕೆಳಗಿನ ಕ್ರಮದಲ್ಲಿ ಮಾಧ್ಯಮ, ಕಂಟ್ರೋಲ್, ಪರೀಕ್ಷೆ ಎಲ್ಲವನ್ನೂ ಜೋಡಿಸಿರುವುದು ಆ ಎರಡನ್ನು ಬೇರೆ ಮಾಡುವುದಕ್ಕಾಗಿಯೇ. ಆಟೋಕ್ಲೇವ್ ಅಥವಾ ದೊಡ್ಡ ಕುಕ್ಕರ್, ಶೇಕರ್, ಸೆಂಟ್ರಿಫ್ಯೂಜ್ ಮತ್ತು ಯುವಿ ಓದಬಲ್ಲ ಸ್ಪೆಕ್ಟ್ರೋಫೋಟೋಮೀಟರ್ ಇರುವ ಯಾವ ಕಾಲೇಜು ಲ್ಯಾಬಿನಲ್ಲೂ ಇದನ್ನು ಮಾಡಬಹುದು.

ಹೊಟ್ಟೆಯೊಳಗೆ ಒಂದು, ಮಣ್ಣಿನಲ್ಲಿ ಇನ್ನೊಂದು

ಯಕೃತ್ತು ಕೊಲೆಸ್ಟೆರಾಲ್‌ನಿಂದ ಪಿತ್ತಾಮ್ಲಗಳನ್ನು ತಯಾರಿಸಿ, ಅವುಗಳ ಬಾಲಕ್ಕೆ ಗ್ಲೈಸಿನ್ ಅಥವಾ ಟಾರಿನ್ ಅಂಟಿಸಿ ಕರುಳಿಗೆ ಬಿಡುತ್ತದೆ. ಮನುಷ್ಯರಲ್ಲಿ ಅದರ ಸುಮಾರು ಶೇ. 95 ಭಾಗ ಸಣ್ಣಕರುಳಿನ ಕೊನೆಯಲ್ಲಿ ಮತ್ತೆ ರಕ್ತಕ್ಕೆ ಹೀರಲ್ಪಡುತ್ತದೆ. ಉಳಿದದ್ದು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳ ಪಾಲು. ಅವು ಮೊದಲು ಗ್ಲೈಸಿನ್, ಟಾರಿನ್ ಕತ್ತರಿಸುತ್ತವೆ. ಆಮೇಲೆ ಕ್ಲಾಸ್ಟ್ರಿಡಿಯಂ ಸಿಂಡೆನ್ಸ್‌ನಂಥ ಕೆಲವು, ಏಳನೇ ಇಂಗಾಲದ ಮೇಲಿನ ಹೈಡ್ರಾಕ್ಸಿಲ್ ಗುಂಪನ್ನು ತೆಗೆದು ಕೋಲಿಕ್ ಆಮ್ಲವನ್ನು ಡಿಯಾಕ್ಸಿಕೋಲಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಇಷ್ಟಾದರೂ ಸ್ಟೀರಾಯ್ಡ್‌ನ ನಾಲ್ಕು ಉಂಗುರಗಳು ಹಾಗೇ ಉಳಿಯುತ್ತವೆ, ಏಕೆಂದರೆ ಅವುಗಳನ್ನು ಒಡೆಯುವ ಮುಖ್ಯ ದಾರಿಗೆ ಆಮ್ಲಜನಕ ಬೇಕು.

ಸಗಣಿ, ಹಿಕ್ಕೆ ನೆಲಕ್ಕೆ ಬಿದ್ದ ಮೇಲೆ ಗಾಳಿ ಸಿಗುತ್ತದೆ. ಅಲ್ಲಿ ಕೊಮಾಮೊನಾಸ್ ಟೆಸ್ಟೊಸ್ಟೆರೋನಿ, ಸ್ಯೂಡೋಮೊನಾಸ್, ರೋಡೋಕಾಕಸ್ ಮುಂತಾದವು ಕೆಲಸಕ್ಕೆ ಇಳಿಯುತ್ತವೆ. ಮೂರನೇ ಇಂಗಾಲದ ಹೈಡ್ರಾಕ್ಸಿಲ್ಲನ್ನು ಕೀಟೋನ್ ಮಾಡಿ ಮೊದಲ ಉಂಗುರದಲ್ಲಿ ಎರಡು ಜೋಡಿಬಂಧ ತರುತ್ತವೆ. ಹದಿನೇಳನೇ ಇಂಗಾಲಕ್ಕೆ ಜೋತುಬಿದ್ದ ಐದು ಇಂಗಾಲದ ಬಾಲವನ್ನು ಕೊಬ್ಬಿನಾಮ್ಲ ಕಡಿಯುವ ರೀತಿಯಲ್ಲಿ ಕಡಿದುಹಾಕುತ್ತವೆ. ಒಂಬತ್ತನೇ ಇಂಗಾಲಕ್ಕೆ ಆಮ್ಲಜನಕ ಸೇರಿಸಿದಾಗ ಎರಡನೇ ಉಂಗುರ ತಾನಾಗಿ ಬಿಚ್ಚಿಕೊಂಡು, ಮೊದಲನೆಯದು ಬೆಂಜೀನ್ ಮಾದರಿಯ ಉಂಗುರವಾಗುತ್ತದೆ. ಅದನ್ನೂ ಆಮ್ಲಜನಕ ಬಳಸಿಯೇ ಸೀಳುತ್ತವೆ. ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಹೊಸ ಜೀವಕೋಶಗಳು. ಈ ದಾರಿಯ ನಡುವೆ ಬರುವ ಆ ಜೋಡಿಬಂಧದ ಕೀಟೋನ್‌ಗಳು 245 ನ್ಯಾನೋಮೀಟರ್ ಆಸುಪಾಸಿನ ಯುವಿ ಬೆಳಕನ್ನು ಬಲವಾಗಿ ಹೀರುತ್ತವೆ, ಆದರೆ ಕೋಲೇಟ್ (ಕೋಲಿಕ್ ಆಮ್ಲದ ಲವಣ) ಅಲ್ಲಿ ಏನನ್ನೂ ತೋರಿಸುವುದಿಲ್ಲ. ದುಬಾರಿ ಯಂತ್ರವಿಲ್ಲದೆ ಈ ಪ್ರಯೋಗ ಸಾಧ್ಯವಾಗುವುದು ಈ ಒಂದು ಗುಣದಿಂದ.

ಮಣ್ಣು

ಶಿರಾ, ಪಾವಗಡ, ಮಧುಗಿರಿ ಕಡೆ ಕುರಿ ರೊಪ್ಪಗಳಿಗೆ ಕೊರತೆಯಿಲ್ಲ, ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿಮಂದೆ ನಿಲ್ಲಿಸುವ ರೂಢಿಯೂ ಇದೆ. ವರ್ಷಗಟ್ಟಲೆ ಹಿಕ್ಕೆ ಬಿದ್ದ ರೊಪ್ಪದ ನೆಲವೇ ಒಳ್ಳೆಯದು. ಮೆಲುಕು ಹಾಕುವ ಪ್ರಾಣಿಗಳ ಸಗಣಿಯಲ್ಲಿ ಡಿಯಾಕ್ಸಿಕೋಲಿಕ್ ಆಮ್ಲವೇ ಪ್ರಧಾನ. ಪುರಾತತ್ವಜ್ಞರು ಹಳೆಯ ಮಣ್ಣಿನಲ್ಲಿ ಪಿತ್ತಾಮ್ಲ ಹುಡುಕಿ, ಅಲ್ಲಿ ಯಾವ ಪ್ರಾಣಿಯ ಗೊಬ್ಬರ ಬಿದ್ದಿತ್ತು ಎಂದು ಗುರುತಿಸುವುದೂ ಉಂಟು.

ಮೇಲಿನ ಒಣ ಹಿಕ್ಕೆಯ ಪದರ ಸರಿಸಿ, ಅದರ ಕೆಳಗಿನ 2ರಿಂದ 5 ಸೆಂ.ಮೀ. ಆಳದ ತೇವದ ಮಣ್ಣನ್ನು ತೆಗೆಯಿರಿ. ಬೇಸಿಗೆಯಲ್ಲಿ ಪಾವಗಡದ ನೆಲ ಸುಟ್ಟಂತಿರುತ್ತದೆ, ಆಗ ನೀರಿನ ತೊಟ್ಟಿಯ ಪಕ್ಕದ ತೇವದ ಜಾಗ ನೋಡಿ. ಐದಾರು ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ, ಬಾಯಿ ಪೂರ್ತಿ ಬಿಗಿಯದ ಚೀಲದಲ್ಲಿ ತಂಪಾಗಿ ತಂದು ಮರುದಿನದೊಳಗೆ ಬಳಸಿ. ಹೋಲಿಕೆಗೆ, ಕುರಿ ಸುಳಿಯದ ಹತ್ತಿರದ ಬದುವಿನ ಮಣ್ಣನ್ನೂ ಒಂದಿಷ್ಟು ತನ್ನಿ.

ಕುರಿಗಳು ಇದ್ದಕ್ಕಿದ್ದಂತೆ ಸತ್ತ ಜಾಗದ ಮಣ್ಣು ಬೇಡವೇ ಬೇಡ. ನೆರಡಿ ರೋಗದ, ಅಂದರೆ ಆಂಥ್ರಾಕ್ಸಿನ ಬೀಜಕಗಳು ನೆಲದಲ್ಲಿ ವರ್ಷಾನುಗಟ್ಟಲೆ ಬದುಕಿರುತ್ತವೆ. ಕಂದು ಹಾಕಿದ ಕುರಿಗಳಿರುವ ರೊಪ್ಪದಿಂದಲೂ ದೂರವಿರಿ. ಕಂದು ಹಾಕಿಸುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಮನುಷ್ಯರಿಗೂ ಬರುತ್ತದೆ. ಮಾಲೀಕರನ್ನು ಕೇಳಿಯೇ ಒಳಗೆ ಹೋಗಿ. ಕೈಗೆ ಗ್ಲೌಸ್, ದೂಳು ಏಳುವ ಕಡೆ ಮಾಸ್ಕ್ ಹಾಕಿಕೊಳ್ಳಿ.

ಮಾಧ್ಯಮ

ಇದರಲ್ಲಿ ಇಂಗಾಲದ ಮೂಲ ಕೋಲೇಟ್ ಒಂದೇ ಇರಬೇಕು. ಒಂದು ಲೀಟರ್‌ಗೆ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 3 ಗ್ರಾಂ, ಅಮೋನಿಯಂ ಕ್ಲೋರೈಡ್ 1 ಗ್ರಾಂ, ಉಪ್ಪು ಅರ್ಧ ಗ್ರಾಂ. ಮೊದಲನೆಯದರ ತೂಕ ನೀರಿಲ್ಲದ ಪುಡಿಗೆ ಹೇಳಿದ್ದು. ಡಬ್ಬಿಯ ಮೇಲೆ ಡೈಹೈಡ್ರೇಟ್ ಎಂದಿದ್ದರೆ 7.5 ಗ್ರಾಂ, ಡೊಡೆಕಾಹೈಡ್ರೇಟ್ ಎಂದಿದ್ದರೆ 15.1 ಗ್ರಾಂ ಬೇಕು. ಇದನ್ನು ನೋಡದೆ ತೂಗಿದರೆ ಪಿಎಚ್ ಕೆಳಗಿಳಿಯುತ್ತದೆ, ಅದರ ಪರಿಣಾಮ ಮುಂದೆ ಕಾಣುತ್ತದೆ. ಪಿಎಚ್ 7.2ರಿಂದ 7.4ರ ನಡುವೆ ಇರಲಿ.

ನೀರು ಡಿಸ್ಟಿಲ್ ಮಾಡಿದ್ದೇ ಆಗಬೇಕು. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಗೊತ್ತಿರುವುದೇ. ಅದರ ಕ್ಯಾಲ್ಸಿಯಂ ಈ ಮಾಧ್ಯಮದ ಫಾಸ್ಫೇಟ್ ಜೊತೆ ಸೇರಿ, ಆಟೋಕ್ಲೇವ್ ಆದಮೇಲೆ ಬಿಳಿ ಗಸಿಯಾಗಿ ತಳ ಸೇರುತ್ತದೆ. ಆ ಮಬ್ಬನ್ನೇ ಬೆಳವಣಿಗೆ ಎಂದು ಓದಿಬಿಡುವ ಅಪಾಯವಿದೆ. ಅದೇ ಕಾರಣಕ್ಕೆ ಮೆಗ್ನೀಸಿಯಂ ಸಲ್ಫೇಟ್ (1 ಮೋಲಾರ್) ಮತ್ತು ಕ್ಯಾಲ್ಸಿಯಂ ಕ್ಲೋರೈಡ್ (0.1 ಮೋಲಾರ್) ದ್ರಾವಣಗಳನ್ನು ಬೇರೆ ಬೇರೆ ಬಾಟಲಿಯಲ್ಲಿ ಆಟೋಕ್ಲೇವ್ ಮಾಡಿಟ್ಟುಕೊಂಡು, ಮಾಧ್ಯಮ ಪೂರ್ತಿ ತಣ್ಣಗಾದ ಮೇಲೆ ಲೀಟರ್‌ಗೆ ತಲಾ 1 ಮಿ.ಲೀ. ಸೇರಿಸಿ. ಆಗತಾನೆ ಕರಗಿಸಿ ಫಿಲ್ಟರ್ ಮಾಡಿದ ಶೇ. 0.1ರ ಫೆರಸ್ ಸಲ್ಫೇಟ್ 1 ಮಿ.ಲೀ. ಹಾಕಿ. ಫೆರಿಕ್ ಸಿಟ್ರೇಟ್ ಬಳಸಬೇಡಿ, ಸಿಟ್ರೇಟ್ ಕೂಡ ಊಟವೇ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 800–900 ಮೀಟರ್ ಮೇಲಿವೆ. ಇಲ್ಲಿ ಆಟೋಕ್ಲೇವಿನ ಗೇಜು 15 ಪೌಂಡ್ ತೋರಿಸಿದಾಗ ಒಳಗಿನ ಉಷ್ಣಾಂಶ 121 ಡಿಗ್ರಿ ಮುಟ್ಟಿರುವುದಿಲ್ಲ, ಒಂದೂವರೆ ಡಿಗ್ರಿಯಷ್ಟು ಕಡಿಮೆ ಇರುತ್ತದೆ. ಪುಸ್ತಕದ 15 ನಿಮಿಷದ ಬದಲು 20–25 ನಿಮಿಷ ಇಡಿ. ಮಣ್ಣಿನ ಬೀಜಕಗಳ ಜೊತೆ ಕೆಲಸ ಮಾಡುವಾಗ ಇದು ಮುಖ್ಯ.

ಸೋಡಿಯಂ ಕೋಲೇಟ್ 4.3 ಗ್ರಾಂ ತೂಗಿ 100 ಮಿ.ಲೀ. ನೀರಿನಲ್ಲಿ ಕರಗಿಸಿದರೆ 100 ಮಿಲಿಮೋಲಾರ್ ಸ್ಟಾಕ್ ಆಗುತ್ತದೆ. ಇದನ್ನು 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಲೀಟರ್ ಮಾಧ್ಯಮಕ್ಕೆ 20 ಮಿ.ಲೀ. ಹಾಕಿ. ಅಲ್ಲಿಗೆ 2 ಮಿಲಿಮೋಲಾರ್. ಇಷ್ಟೇ ಸಾಕು. ಕೋಲೇಟ್ ಒಂದು ಡಿಟರ್ಜೆಂಟ್. ಸುಮಾರು 10 ಮಿಲಿಮೋಲಾರ್ ಆಚೆಗೆ ಹೋದರೆ ಮಿಸೆಲ್ (ಅಣುಗಳ ಸಣ್ಣ ಗುಂಪು) ಕಟ್ಟಿಕೊಂಡು ಜೀವಕೋಶದ ಪೊರೆಯನ್ನೇ ಕರಗಿಸಲು ತೊಡಗುತ್ತದೆ. ಸಗಣಿಯಲ್ಲಿ ಹೆಚ್ಚಿರುವುದು ಡಿಯಾಕ್ಸಿಕೋಲೇಟ್ ತಾನೆ, ಅದನ್ನೇ ಏಕೆ ಹಾಕಬಾರದು ಎಂದರೆ, ಅದು ಇನ್ನೂ ಕಡಿಮೆ ಪ್ರಮಾಣದಲ್ಲೇ ಕೋಶಗಳನ್ನು ಕೊಲ್ಲುತ್ತದೆ, ಮತ್ತು ಪಿಎಚ್ 7ರ ಸುತ್ತ ಅಂಟು ಅಂಟಾಗಿ ಗಟ್ಟಿಯಾಗುತ್ತದೆ. ಮೊದಲು ಕೋಲೇಟ್ ಮೇಲೆ ತಳಿ ಹಿಡಿಯಿರಿ, ಡಿಯಾಕ್ಸಿಕೋಲೇಟ್ ಪರೀಕ್ಷೆ ಆಮೇಲೆ. ಕೋಲೇಟ್ ಕೂಡ ಆಮ್ಲಕ್ಕೆ ಬಗ್ಗುತ್ತದೆ. ಪಿಎಚ್ ಆರೂವರೆಗಿಂತ ಕೆಳಗೆ ಜಾರಿತೆಂದರೆ ಕೋಲಿಕ್ ಆಮ್ಲ ಬಿಳಿಯಾಗಿ ಇಳಿಯತೊಡಗುತ್ತದೆ, ಓಡಿ (ಆಪ್ಟಿಕಲ್ ಡೆನ್ಸಿಟಿ, ಮಬ್ಬಿನ ಅಳತೆ) ಓದು ಏರುತ್ತದೆ, ಬ್ಯಾಕ್ಟೀರಿಯಾ ಮಾತ್ರ ಇರುವುದಿಲ್ಲ.

ಗಾಳಿಯ ಲೆಕ್ಕ

ಈ ಪ್ರಯೋಗ ಕೆಡುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಗಾಳಿಯ ಕೊರತೆ, ಆದ್ದರಿಂದ ಲೆಕ್ಕವನ್ನೇ ನೋಡೋಣ. ಒಂದು ಕೋಲಿಕ್ ಆಮ್ಲದ ಅಣುವಿನಲ್ಲಿ 24 ಇಂಗಾಲ, 40 ಜಲಜನಕ, 5 ಆಮ್ಲಜನಕ. ಅದು ಪೂರ್ತಿ ಉರಿಯಬೇಕಾದರೆ ಆಮ್ಲಜನಕದ 31.5 ಅಣು ಬೇಕು. ಫ್ಲಾಸ್ಕಿನ 50 ಮಿ.ಲೀ. ಮಾಧ್ಯಮದಲ್ಲಿ 0.1 ಮಿಲಿಮೋಲ್ ಕೋಲೇಟ್ ಇದೆ, ಅದಕ್ಕೆ 3.15 ಮಿಲಿಮೋಲ್ ಆಮ್ಲಜನಕ. ಅಷ್ಟು ಮಾಧ್ಯಮದಲ್ಲಿ ಕರಗಿರುವ ಆಮ್ಲಜನಕವೋ ಸುಮಾರು 0.012 ಮಿಲಿಮೋಲ್ ಮಾತ್ರ. 250 ಮಿ.ಲೀ. ಫ್ಲಾಸ್ಕಿನ ಖಾಲಿ ಜಾಗದ ಗಾಳಿಯಲ್ಲಿ ಇರುವುದನ್ನೂ ಸೇರಿಸಿದರೆ 2 ಮಿಲಿಮೋಲ್ ದಾಟುವುದಿಲ್ಲ. ಕೋಲೇಟಿನ ಒಂದು ಪಾಲು ಹೊಸ ಕೋಶಗಳಾಗಿ ಉಳಿಯುವುದರಿಂದ ಬೇಡಿಕೆ ಸ್ವಲ್ಪ ಇಳಿಯುತ್ತದೆ, ನಿಜ. ಆದರೂ ಬಿಗಿ ಮುಚ್ಚಳ ಹಾಕಿದರೆ ಕೆಲಸ ಉಸಿರುಗಟ್ಟಿ ನಿಲ್ಲುತ್ತದೆ. ಆದ್ದರಿಂದ 250 ಮಿ.ಲೀ. ಫ್ಲಾಸ್ಕಿಗೆ 50 ಮಿ.ಲೀ. ಮೀರದಂತೆ ಮಾಧ್ಯಮ, ಹತ್ತಿಯ ಬಿರಡೆ, ನಿಮಿಷಕ್ಕೆ 150 ಸುತ್ತು, 28ರಿಂದ 30 ಡಿಗ್ರಿ.

ರಾತ್ರಿ ಕರೆಂಟ್ ಹೋಗಿ ಶೇಕರ್ ನಿಂತರೆ, ಕರಗಿದ ಆಮ್ಲಜನಕ ಬೇಗನೆ ಮುಗಿಯುತ್ತದೆ. ಶೇಕರನ್ನು ಯುಪಿಎಸ್‌ಗೆ ಸೇರಿಸಿ. ಆಗದಿದ್ದರೆ ಮಾಧ್ಯಮವನ್ನು 20–25 ಮಿ.ಲೀ.ಗೆ ಇಳಿಸಿ, ಪದರ ತೆಳುವಾದಷ್ಟೂ ಒಳ್ಳೆಯದು. ಅಕ್ವೇರಿಯಂ ಪಂಪಿನಿಂದ ಗಾಳಿ ಊದುವ ಯೋಚನೆ ಬೇಡ. ಪಿತ್ತಲವಣ ಸೋಪಿನಂತೆ ನೊರೆ ಎಬ್ಬಿಸುತ್ತದೆ, ಅರ್ಧ ಗಂಟೆಯೊಳಗೆ ಬಿರಡೆ ಒದ್ದೆಯಾಗಿ ಕಲ್ಚರ್ ಮಲಿನವಾಗುತ್ತದೆ.

ಎನ್‌ರಿಚ್‌ಮೆಂಟ್

ಕೋಲೇಟ್ ತಿನ್ನುವವುಗಳ ಸಂಖ್ಯೆ ಹೆಚ್ಚಿಸುವ ಹಂತವಿದು. ಒಂದು ಗ್ರಾಂ ಮಣ್ಣನ್ನು 10 ಮಿ.ಲೀ. ಸ್ಟೆರೈಲ್ ಸಲೈನ್‌ನಲ್ಲಿ (ಶೇ. 0.85 ಉಪ್ಪು) ಐದು ನಿಮಿಷ ಕುಲುಕಿ, ಕಸ ತಳ ಸೇರಲು ಬಿಡಿ. ಮೇಲಿನ ನೀರಿನಿಂದ 1 ಮಿ.ಲೀ. ತೆಗೆದು 50 ಮಿ.ಲೀ. ಮಾಧ್ಯಮಕ್ಕೆ ಹಾಕಿ. ಜೊತೆಗೆ ಮೂರು ಫ್ಲಾಸ್ಕ್ ಇಡಲೇಬೇಕು: ಮಣ್ಣಿನ ನೀರು ಇದ್ದು ಕೋಲೇಟ್ ಇಲ್ಲದ್ದು, ಕೋಲೇಟ್ ಇದ್ದು ಮಣ್ಣಿನ ನೀರು ಇಲ್ಲದ್ದು, ಮತ್ತು ಕೋಲೇಟ್ ಜೊತೆ ಆಟೋಕ್ಲೇವ್ ಮಾಡಿ ಕೊಂದ ಮಣ್ಣಿನ ನೀರು ಹಾಕಿದ್ದು. ಮೊದಲನೆಯದು ಮಣ್ಣಿನ ಸ್ವಂತ ಸತ್ವದ ಮೇಲೆ ಎಷ್ಟು ಬೆಳೆಯಿತೆಂದು ಹೇಳುತ್ತದೆ. ಎರಡನೆಯದು ಮಾಧ್ಯಮ ತಾನಾಗಿ ಮಬ್ಬಾಯಿತೇ ಎಂದು ಹೇಳುತ್ತದೆ. ಕೋಲೇಟ್ ಮಣ್ಣಿನ ಕಣಗಳಿಗೆ ಅಂಟಿಕೊಂಡು ಕಡಿಮೆಯಾಯಿತೋ, ಯಾರಾದರೂ ತಿಂದರೋ ಎಂಬುದನ್ನು ಮೂರನೆಯದು ಬಿಡಿಸಿ ತೋರಿಸುತ್ತದೆ.

ಸಾಮಾನ್ಯವಾಗಿ ಎರಡರಿಂದ ಐದು ದಿನದಲ್ಲಿ ಮಬ್ಬು ಕಾಣುತ್ತದೆ. ಮೊದಲ ಫ್ಲಾಸ್ಕಿನ ಮಬ್ಬಿಗೆ ಬೆಲೆ ಕೊಡಬೇಡಿ. ಅದರಿಂದ 1 ಮಿ.ಲೀ. ತೆಗೆದು ಹೊಸ 50 ಮಿ.ಲೀ.ಗೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ಮೂರು ಸಲ ದಾಟಿಸಿ. ಆ ಹೊತ್ತಿಗೆ ಮೊದಲ ಫ್ಲಾಸ್ಕಿನಲ್ಲಿದ್ದ ಮಣ್ಣಿನ ಸತ್ವ ಸುಮಾರು 1,25,000ದಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಆಗಲೂ ಕೋಲೇಟ್ ಇರುವ ಫ್ಲಾಸ್ಕ್ ಚೆನ್ನಾಗಿ ಮಬ್ಬಾಗಿ, ಇಲ್ಲದ್ದು ತಿಳಿಯಾಗಿ ಉಳಿದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಎರಡನೇ ದಾಟಿಕೆಯವರೆಗೆ ಚೆನ್ನಾಗಿದ್ದು ಮೂರನೆಯದರಲ್ಲಿ ಸೊರಗಿದರೆ ಎರಡು ಸಾಧ್ಯತೆಗಳಿವೆ. ಒಂದೋ ಮೊದಲಿನ ಬೆಳವಣಿಗೆ ಮಣ್ಣಿನ ಸತ್ವದ್ದು, ಇಲ್ಲವೇ ಮಣ್ಣಿನಿಂದ ಬರುತ್ತಿದ್ದ ಸತು, ಮ್ಯಾಂಗನೀಸ್, ತಾಮ್ರ, ಕೋಬಾಲ್ಟ್, ಮಾಲಿಬ್ಡಿನಂ ಮತ್ತು ವಿಟಮಿನ್‌ಗಳು ಮುಗಿದವು. ಟ್ರೇಸ್ ಎಲಿಮೆಂಟ್ ದ್ರಾವಣ ಮತ್ತು ಲೀಟರ್‌ಗೆ 10 ಮಿಲಿಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್ ಸೇರಿಸಿ ನೋಡಿ. ಕೋಲೇಟ್ ಇಲ್ಲದ ಕಂಟ್ರೋಲ್‌ಗೂ ಅಷ್ಟೇ ಹಾಕಬೇಕು, ಇಲ್ಲದಿದ್ದರೆ ಹೋಲಿಕೆಯೇ ಬಿದ್ದುಹೋಗುತ್ತದೆ.

ಪ್ಲೇಟ್ ಮೇಲೆ ಬೇರ್ಪಡಿಸುವುದು

ಅದೇ ಮಾಧ್ಯಮಕ್ಕೆ ಶೇ. 1.5 ಅಗಾರ್ ಹಾಕಿ, ಕೋಲೇಟ್ ಇರುವ ಮತ್ತು ಇಲ್ಲದ ಪ್ಲೇಟುಗಳನ್ನು ಜೋಡಿ ಜೋಡಿಯಾಗಿ ಮಾಡಿಕೊಳ್ಳಿ. ಅಗಾರ್‌ನಲ್ಲಿರುವ ಅಲ್ಪಸ್ವಲ್ಪ ಕಶ್ಮಲವನ್ನೇ ತಿಂದು ತೆಳುವಾದ, ಪಾರದರ್ಶಕವಾದ ಕಾಲೊನಿಗಳು ಏಳುತ್ತವೆ. ಎರಡೂ ಪ್ಲೇಟಿನಲ್ಲಿ ಒಂದೇ ಗಾತ್ರ ಇದ್ದವನ್ನು ಬಿಟ್ಟುಬಿಡಿ. ಕೋಲೇಟ್ ಪ್ಲೇಟಿನಲ್ಲಿ ಮಾತ್ರ ದಪ್ಪಗೆ ಬೆಳೆದವನ್ನು ಎರಡು ಮೂರು ಸಲ ಸ್ಟ್ರೀಕ್ ಮಾಡಿ (ಅಗಾರ್ ಮೇಲೆ ಗೆರೆ ಎಳೆದು ಹರಡಿ) ಶುದ್ಧಗೊಳಿಸಿ. ಎರಡು ದಿನಕ್ಕೆ ಪ್ಲೇಟ್ ಎಸೆಯಬೇಡಿ. ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳು ಮೊದಲು ಬರುತ್ತವೆ, ರೋಡೋಕಾಕಸ್‌ನಂಥವು ವಾರದ ಹತ್ತಿರ ತೆಗೆದುಕೊಳ್ಳಬಹುದು.

ಶುದ್ಧ ಕಾಲೊನಿ ದ್ರವ ಮಾಧ್ಯಮಕ್ಕೆ ಬಂದಾಗ ಬೆಳೆಯದೇ ಇರುವುದುಂಟು. ಪಿತ್ತಾಮ್ಲ ತಿನ್ನುವ ಬ್ಯಾಕ್ಟೀರಿಯಾಗಳು ಅರ್ಧ ಕಡಿದ ಸ್ಟೀರಾಯ್ಡ್‌ಗಳನ್ನು ಹೊರಗೆ ಬಿಡುತ್ತವೆ, ಪಕ್ಕದವು ಅದರ ಮೇಲೆ ಬದುಕುತ್ತವೆ. ನೀವು ಆರಿಸಿದ್ದು ಅಂಥ ನೆರೆಯದ್ದಾಗಿರಬಹುದು. ಬೆಳೆಯದ ಎರಡು ತಳಿಗಳನ್ನು ಒಂದೇ ಫ್ಲಾಸ್ಕಿಗೆ ಹಾಕಿ ನೋಡುವುದು ವ್ಯರ್ಥವಲ್ಲ. ಜೋಡಿಯಾಗಿ ಬೆಳೆದರೆ ಅದೇ ಒಂದು ಒಳ್ಳೆಯ ಪ್ರಾಜೆಕ್ಟ್.

ನಿಜವಾಗಿ ತಿಂದಿತೇ?

ಶುದ್ಧ ತಳಿಯನ್ನು ಬೆಳೆಸಿ, ದಿನಕ್ಕೆರಡು ಸಲ 2 ಮಿ.ಲೀ. ತೆಗೆದು ಓಡಿ 600 ಓದಿ, ಆಮೇಲೆ 10,000 ಜಿ ವೇಗದಲ್ಲಿ ಹತ್ತು ನಿಮಿಷ ತಿರುಗಿಸಿ ಮೇಲಿನ ತಿಳಿಯನ್ನು ಇಟ್ಟುಕೊಳ್ಳಿ. ಮುಂದಿನ ಪರೀಕ್ಷೆಗಳೆಲ್ಲ ಆ ತಿಳಿಯ ಮೇಲೆ.

ಎಲ್ಲಕ್ಕಿಂತ ಅಗ್ಗದ್ದು ಹೇ ಪರೀಕ್ಷೆ. ಪಿತ್ತಲವಣ ನೀರಿನ ಮೇಲ್ಮೈ ಬಿಗಿತವನ್ನು ತಗ್ಗಿಸುವುದರಿಂದ, ಮೇಲೆ ಉದುರಿಸಿದ ಗಂಧಕದ ಪುಡಿ ಮುಳುಗುತ್ತದೆ. ತಿಳಿಯನ್ನು ಅರ್ಧ, ಕಾಲು, ಅರೆಕಾಲು ಎಂದು ಇಮ್ಮಡಿಯಾಗಿ ತೆಳುಗೊಳಿಸುತ್ತ ಹೋಗಿ, ಪುಡಿ ಮುಳುಗುವ ಕೊನೆಯ ಟ್ಯೂಬ್ ಯಾವುದೆಂದು ಬರೆದುಕೊಳ್ಳಿ. ಮೊದಲ ದಿನ ನಾಲ್ಕನೇ ಟ್ಯೂಬಿನವರೆಗೆ ಮುಳುಗುತ್ತಿದ್ದದ್ದು ಐದನೇ ದಿನ ಮೊದಲನೆಯದರಲ್ಲಿ ಮಾತ್ರ ಮುಳುಗಿದರೆ, ಎಂಟನೇ ಒಂದು ಪಾಲಿಗೆ ಇಳಿದಿದೆ ಎಂದರ್ಥ. ಗಂಧಕ ಶುದ್ಧ ನಯವಾದ ಪುಡಿಯಾಗಿರಲಿ. ದ್ರಾಕ್ಷಿ ತೋಟಕ್ಕೆ ಬೂದಿರೋಗಕ್ಕೆ ಹೊಡೆಯುವ ವೆಟ್ಟಬಲ್ ಸಲ್ಫರ್ ಬಳಸಿದರೆ ಬರೀ ನೀರಿನಲ್ಲೂ ಮುಳುಗುತ್ತದೆ, ಅದರಲ್ಲಿ ನೀರು ಹಿಡಿಸುವ ರಾಸಾಯನಿಕ ಬೆರೆಸಿರುತ್ತಾರೆ. ಟ್ಯೂಬಿನಲ್ಲಿ ಸೋಪು ಉಳಿದಿದ್ದರೂ ಅದೇ ಗತಿ. ಇನ್ನೊಂದು ಸೂಕ್ಷ್ಮವಿದೆ: ಕೆಲವು ಸ್ಯೂಡೋಮೊನಾಸ್ ತಳಿಗಳು ತಾವೇ ಸೋಪಿನಂಥ ರಾಮ್ನೋಲಿಪಿಡ್ ಮಾಡುತ್ತವೆ. ಆಗ ಕೋಲೇಟ್ ಪೂರ್ತಿ ಹೋಗಿದ್ದರೂ ಗಂಧಕ ಮುಳುಗುತ್ತಲೇ ಇರುತ್ತದೆ. ಹಾಗಾಗಿ ಇದು ಜರಡಿ ಹಿಡಿಯುವ ಪರೀಕ್ಷೆ, ತೀರ್ಪು ಅಲ್ಲ.

ಪೆಟೆನ್‌ಕೋಫರ್ ಪರೀಕ್ಷೆಯನ್ನು ಜೊತೆಗೆ ಮಾಡಿ. 5 ಮಿ.ಲೀ. ತಿಳಿಗೆ ಶೇ. 5ರ ಸಕ್ಕರೆ ನೀರು ಐದು ಹನಿ, ಟ್ಯೂಬನ್ನು ಓರೆ ಹಿಡಿದು ಗೋಡೆಗುಂಟ ಸಾಂದ್ರ ಗಂಧಕಾಮ್ಲ 2–3 ಮಿ.ಲೀ. ಪಿತ್ತಾಮ್ಲ ಇದ್ದರೆ ಎರಡು ಪದರ ಕೂಡುವಲ್ಲಿ ಕೆಂಪು-ನೇರಳೆ ಉಂಗುರ. ಸಕ್ಕರೆ ಹೆಚ್ಚಾದರೆ ಸುಟ್ಟು ಕಪ್ಪಾಗಿ ಬಣ್ಣವನ್ನು ಮುಚ್ಚುತ್ತದೆ. ಕನ್ನಡಕ, ಗ್ಲೌಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಯುವಿ ಓದನ್ನು ಮಾತ್ರ ತಾಳ್ಮೆಯಿಂದ ಮಾಡಿ. ಕ್ವಾರ್ಟ್ಜ್ ಕ್ಯುವೆಟ್ ಬೇಕು, ಸಾದಾ ಗಾಜು ಈ ಬೆಳಕನ್ನು ಬಿಡುವುದಿಲ್ಲ. 245ರಲ್ಲಿ ಒಂದೇ ಅಂಕಿ ಓದುವ ಬದಲು 220ರಿಂದ 300 ನ್ಯಾನೋಮೀಟರ್‌ವರೆಗೆ ಸ್ಕ್ಯಾನ್ ಮಾಡಿ, ಶೂನ್ಯ ಗಂಟೆಯ ತಿಳಿಯನ್ನೇ ಬ್ಲ್ಯಾಂಕ್ ಆಗಿ ಇಡಿ. ಕೋಲೇಟ್ ಒಡೆಯುತ್ತಿದ್ದರೆ 245ರ ಸುತ್ತ ಗುಡ್ಡವೊಂದು ಎದ್ದು, ಬೆಳವಣಿಗೆ ಮುಗಿಯುತ್ತ ಬಂದಂತೆ ಮತ್ತೆ ಇಳಿಯಬೇಕು. ಇಂಥ ಕೀಟೋನ್ 0.1 ಮಿಲಿಮೋಲಾರ್ ಇದ್ದರೂ ಓದು 1.5ರ ಹತ್ತಿರ ಹೋಗುತ್ತದೆ, ಆದ್ದರಿಂದ ತಿಳಿಯನ್ನು ಹತ್ತು ಪಟ್ಟು ತೆಳುಗೊಳಿಸಿಯೂ ಒಂದು ಸಲ ಓದಿ. ಗುಡ್ಡ 260ರಲ್ಲಿ ಇದ್ದರೆ ಅದು ಒಡೆದ ಕೋಶಗಳ ಡಿಎನ್‌ಎ, ಆರ್‌ಎನ್‌ಎ. ಪಿತ್ತಾಮ್ಲಕ್ಕೂ ಅದಕ್ಕೂ ಸಂಬಂಧವಿಲ್ಲ. 245ರ ಗುಡ್ಡ ಎದ್ದು ಇಳಿಯದೇ ನಿಂತರೆ ನಿಮ್ಮ ತಳಿ ಅರ್ಧ ದಾರಿಯಲ್ಲಿ ನಿಂತಿದೆ. ಮೊದಲು ಗಾಳಿಯನ್ನು ಅನುಮಾನಿಸಿ, ಫ್ಲಾಸ್ಕಿನ ಮಾಧ್ಯಮ ಕಡಿಮೆ ಮಾಡಿ ಮತ್ತೆ ಮಾಡಿ. ಆಗಲೂ ಹಾಗೇ ಇದ್ದರೆ ಮುಂದಿನ ಕಿಣ್ವಗಳು ಆ ತಳಿಯಲ್ಲಿ ಇಲ್ಲದಿರಬಹುದು.

ಟಿಎಲ್‌ಸಿ (ತೆಳುಪದರ ಕ್ರೊಮಟೋಗ್ರಫಿ) ಮಾಡಲು ಸಾಧ್ಯವಿದ್ದರೆ ಚಿತ್ರ ಇನ್ನೂ ಸ್ಪಷ್ಟ. ತಿಳಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 2–3ಕ್ಕೆ ಇಳಿಸಿ, ಸಮ ಅಳತೆಯ ಈಥೈಲ್ ಅಸಿಟೇಟ್‌ನಿಂದ ಎರಡು ಸಲ ಎಳೆಯಿರಿ. ಪ್ರತಿದೀಪ್ತಿ ಇರುವ ಸಿಲಿಕಾ ಪ್ಲೇಟ್ ಮೇಲೆ, ಕ್ಲೋರೋಫಾರ್ಮ್–ಮೆಥನಾಲ್‌ಗೆ ತುಸು ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ಓಡಿಸಿ. ಶುದ್ಧ ಕೋಲೇಟ್ ಚುಕ್ಕೆ ಪ್ಲೇಟಿನ ಮೂರನೇ ಒಂದು ಭಾಗದಷ್ಟು ಏರುವಂತೆ ಮೆಥನಾಲ್ ಹೊಂದಿಸಿಕೊಳ್ಳಿ. 254 ನ್ಯಾನೋಮೀಟರ್ ದೀಪದಡಿ ಕೋಲೇಟ್ ಕಾಣದು, ಮಧ್ಯಂತರ ಕೀಟೋನ್‌ಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಬಳಿಕ ಶೇ. 10ರ ಫಾಸ್ಫೋಮಾಲಿಬ್ಡಿಕ್ ಆಮ್ಲ ಸಿಂಪಡಿಸಿ 110 ಡಿಗ್ರಿಯಲ್ಲಿ ಕಾಯಿಸಿದರೆ ಎಲ್ಲವೂ ನೀಲಿಯಾಗಿ ಏಳುತ್ತವೆ.

ಮೊಸರಿನ ತಳಿಗಳಿಗೆ ಬೇರೆ ಪರೀಕ್ಷೆ

ಮೊಸರು, ಅಂಬಲಿಯ ಲ್ಯಾಕ್ಟೋಬ್ಯಾಸಿಲಸ್‌ಗಳನ್ನು ಮೇಲಿನ ಮಾಧ್ಯಮದಲ್ಲಿ ಹುಡುಕಬೇಡಿ, ಅವು ಉಂಗುರ ಒಡೆಯುವುದಿಲ್ಲ. ಅವುಗಳಲ್ಲಿ ನೋಡಬೇಕಾದ್ದು ಟಾರಿನ್, ಗ್ಲೈಸಿನ್ ಕತ್ತರಿಸುವ ಶಕ್ತಿ. ಎಂಆರ್‌ಎಸ್ ಅಗಾರ್‌ಗೆ (ಈ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ಅಗಾರ್) ಶೇ. 0.5 ಸೋಡಿಯಂ ಟಾರೋಡಿಯಾಕ್ಸಿಕೋಲೇಟ್ ಮತ್ತು ಲೀಟರ್‌ಗೆ 0.37 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ, ಆಮ್ಲಜನಕವಿಲ್ಲದ ಜಾರಿನಲ್ಲಿ 37 ಡಿಗ್ರಿಗೆ 48ರಿಂದ 72 ಗಂಟೆ ಇಡಿ. ಟಾರಿನ್ ಕಳಚಿದರೆ ಡಿಯಾಕ್ಸಿಕೋಲಿಕ್ ಆಮ್ಲ ಬಿಳಿಯಾಗಿ ಕಾಲೊನಿಯ ಸುತ್ತ ಇಳಿಯುತ್ತದೆ. ಗ್ಲೈಸಿನ್ ಅಂಟಿದ ಲವಣ ಬಳಸಿದರೆ ಬ್ಯಾಕ್ಟೀರಿಯಾ ಮಾಡುವ ಹುಳಿಗೇ ಅದು ಇಳಿದುಬಿಡಬಹುದು, ಕಿಣ್ವವೇ ಇಲ್ಲದ ತಳಿಯೂ ಪಾಸಾಗುತ್ತದೆ. ಟಾರಿನ್ ಲವಣಕ್ಕೆ ಹೆಚ್ಚು ಹಣ ಕೊಡಬೇಕಾದರೂ ಅದನ್ನೇ ಕೊಳ್ಳಿ.

ತಳಿ ಉಳಿಸಿಕೊಳ್ಳುವುದು

ಸಿಕ್ಕಿದ್ದು ಯಾವುದೆಂದು 16 ಎಸ್ ಜೀನ್ ಓದಿಸುವವರೆಗೆ ಅದನ್ನು ರೋಗಕಾರಕ ಎಂದೇ ಭಾವಿಸಿ ಕೆಲಸ ಮಾಡಿ. ಸ್ಯೂಡೋಮೊನಾಸ್ ಎರುಜಿನೋಸಾ ಈ ಮಣ್ಣಿನಲ್ಲಿ ಇರುವುದು ಅಸಂಭವವಲ್ಲ. ಬಳಸಿದ ಫ್ಲಾಸ್ಕ್, ಪ್ಲೇಟ್, ಉಳಿದ ಮಣ್ಣು ಎಲ್ಲವೂ ಆಟೋಕ್ಲೇವ್ ಆದ ಮೇಲೆಯೇ ಹೊರಗೆ ಹೋಗಬೇಕು. ಕೋಲೇಟ್ ಮಾಧ್ಯಮದಲ್ಲಿ ಚೆನ್ನಾಗಿ ಬೆಳೆದ ಕಲ್ಚರ್‌ಗೆ ಶೇ. 20ರಷ್ಟಾಗುವಂತೆ ಗ್ಲಿಸರಾಲ್ ಸೇರಿಸಿ, ಸಣ್ಣ ಸಣ್ಣ ವಯಲ್‌ಗಳಲ್ಲಿ ಮೈನಸ್ 80ರಲ್ಲಿ ಇಡಿ. ಮೈನಸ್ 20 ಮಾತ್ರ ಇದ್ದರೆ ಕೆಲವು ತಿಂಗಳಿಗೊಮ್ಮೆ ಹೊಸದಾಗಿ ಮಾಡಿಟ್ಟುಕೊಳ್ಳಿ. ಹೊರತೆಗೆದಾಗ ನ್ಯೂಟ್ರಿಯೆಂಟ್ ಅಗಾರ್‌ಗೆ ಹಾಕದೆ ನೇರ ಕೋಲೇಟ್ ಪ್ಲೇಟಿಗೇ ಸ್ಟ್ರೀಕ್ ಮಾಡಿ. ಸತ್ವದ ಅಗಾರ್ ಮೇಲೆ ಒಂದೇ ಒಂದು ಮಲಿನಕೋಶವೂ ನಿಮ್ಮ ತಳಿಯನ್ನು ಹಿಂದೆ ಹಾಕಿ ಬೆಳೆದುಬಿಡುತ್ತದೆ, ಕೋಲೇಟ್ ಮೇಲೆ ಅದಕ್ಕೆ ಅಷ್ಟು ಅವಕಾಶವಿಲ್ಲ. ಆದರೆ ಕೋಲೇಟ್ ಪ್ಲೇಟಿಗೆ ಸ್ಟ್ರೀಕ್ ಮಾಡುವಾಗ, ಪಕ್ಕದಲ್ಲಿ ಕೋಲೇಟ್ ಇಲ್ಲದ ಪ್ಲೇಟಿಗೂ ಪ್ರತಿ ಸಲ ಸ್ಟ್ರೀಕ್ ಮಾಡಿ.